ತಮ್ಮ ಕೈಗಳ ಮೇಲೆ ಕುಳಿತವರು

ವೇದಿಕೆಯ ಸನ್ಮಾನ್ಯ ಅಧ್ಯಕ್ಷರೇ, ಆಗಾಗ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ನನ್ನಿಂದ ಸಾಕಷ್ಟು ಬೈಸಿಕೊಂಡೂ ಇವತ್ತು ಬಾಯಿತುಂಬ ಹೊಗಳಿದ ಪುರಸಭೆಯ ಸದಸ್ಯ ಮಿತ್ರರೇ, ಹಿಂದಿನ ಸಾಲುಗಳಲ್ಲಿ ಸೆಕೆ ತಡೆದುಕೊಂಡು ಕುಳಿತಿರುವ ನನ್ನ ವಾರ್ಡಿನ ತಾಯಂದಿರೇ, ಸಭಿಕರೇ, ನಿಮಗೆಲ್ಲ ನನ್ನ ಸಲಾಂ.

ಈ ಬೀಳ್ಕೊಡುಗೆ ಸಭೆಯಲ್ಲಿ ಇಲ್ಲಿಯವರೆಗೆ ಮಾತಾಡಿದವರೆಲ್ಲರೂ ನನ್ನನ್ನು ಈ ಪುರಸಭೆಯ ಮೊದಲ ಮುಸ್ಲಿಂ ಮಹಿಳಾ ಸದಸ್ಯೆ ಎಂದರು, ಧೀಮಂತೆ ಎಂದರು, ದಾರಿದೀಪ ಎಂದರು. ಕೇಳುತ್ತ ಕೇಳುತ್ತ ನಾನು ಇನ್ನೂ ಬದುಕಿದ್ದೇನೆಯೇ ಎಂದು ನನಗೇ ಅನುಮಾನ ಬಂತು. ಇಷ್ಟೊಂದು ಒಳ್ಳೆಯ ಮಾತನ್ನು ಜನ ಸಾಮಾನ್ಯವಾಗಿ ಹೋದವರ ಬಗ್ಗೆ ತಾನೇ ಆಡುವುದು?

ಒಳಗೆ ಬರುವಾಗ ಅಧ್ಯಕ್ಷರು ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅಕ್ಕಾ, ಈ ಸಲ ನಿಮ್ಮ ವಾರ್ಡಿಗೆ ಮಹಿಳಾ ಮೀಸಲಾತಿ ಇಲ್ಲ. ಭಾಷಣದ ಕೊನೆಗೆ ಮುಂದಿನ ಅಭ್ಯರ್ಥಿ ಯಾರು ಅಂತ ನೀವೇ ಒಂದು ಹೆಸರು ಹೇಳಿಬಿಡಿ. ನಿಮ್ಮ ಬಾಯಿಂದ ಬಂದ್ರೆ ಜನ ಒಪ್ಕೋತಾರೆ." ಯಾರ ಹೆಸರು ಎಂದು ಕೇಳಿದೆ. ಅವರು ತಮ್ಮ ಅಳಿಯನ ಕಡೆ ನೋಡಿದರು. ಅಳಿಯ ಇಲ್ಲೇ ಮೊದಲ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕುಳಿತಿದ್ದಾನೆ. ಒಳ್ಳೆಯ ಹುಡುಗ. ಕಾಲರ್ ಮಾತ್ರ ಸರಿಯಾಗಿ ಕೂತಿಲ್ಲ. ಏನು ಮಾಡಲಿ, ದರ್ಜಿಯ ಹೆಂಡತಿ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹೆಸರು ಹೇಳುತ್ತೇನೆ ಅಧ್ಯಕ್ಷರೇ, ಸ್ವಲ್ಪ ತಾಳಿ.

ನಾನು ರಾಜಕೀಯಕ್ಕೆ ಬಂದದ್ದು ಹೇಗೆ? ಸೇವೆ ಮಾಡುವ ತುಡಿತದಿಂದ ಎಂದು ಅತಿಥಿಗಳು ಹೇಳಿದರು. ಅವರ ಬಾಯಿಗೆ ಸಕ್ಕರೆ ಹಾಕಬೇಕು. ನಿಜ ಹೇಳಬೇಕೆಂದರೆ, ವಾರ್ಡು ಮಹಿಳೆಯರಿಗೆ ಮೀಸಲಾದಾಗ ಪಕ್ಷದವರು ನಮ್ಮ ಅಂಗಡಿಗೆ ಬಂದು ನನ್ನ ಯಜಮಾನರಿಗೆ ಹೇಳಿದರು: "ಹೆಸರು ನಿಮ್ಮ ಮನೆಯವರದ್ದು ಹಾಕೋಣ, ಸಭೆಗೆ ನೀವೇ ಬಂದ್ರಾಯ್ತು." ಒಳಗಿನಿಂದ ನನ್ನ ಅತ್ತೆ ಕೂಗಿದರು: "ಇವನಿಗೆ ಇನ್ನೂ ಗುಂಡಿ ಕಾಜಾ ಹೊಲಿಯೋಕೆ ಬರಲ್ಲ, ಊರು ನಡೆಸ್ತಾನಾ? ಹೆಸರು ಯಾರದ್ದೋ ಅವಳೇ ಹೋಗ್ಲಿ." ಆಮೇಲೆ ನನ್ನ ಕಡೆ ತಿರುಗಿ, "ಬುರ್ಖಾ ಇಸ್ತ್ರಿ ಮಾಡ್ಕೋ" ಎಂದರು. ನನ್ನ ರಾಜಕೀಯ ದೀಕ್ಷೆ ಅಷ್ಟೇ.

ಗೆದ್ದೆ. ಆಗ ಪುರಸಭೆಯಲ್ಲಿ ಒಂದು ಪದ್ಧತಿ ಇತ್ತು. ಮಹಿಳಾ ಸದಸ್ಯೆಯರ ಬದಲು ಅವರ ಗಂಡಂದಿರು ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಮತಕ್ಕೆ ಹಾಕಿದಾಗ ಕಾರ್ಯದರ್ಶಿಗಳು ಆ ಬೆಂಚಿನ ಕೈಗಳನ್ನೂ ಸೇರಿಸಿ ಎಣಿಸುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಸ್ವತಃ ಹೋದವಳು ನಾನೊಬ್ಬಳೇ. ನನಗೆ ಮರ್ಯಾದೆಯಿಂದ ಕಂಬದ ಹಿಂದೆ ಕುರ್ಚಿ ಹಾಕಿದ್ದರು. ಜೊತೆಗೆ ಬಂದ ನನ್ನ ಯಜಮಾನರನ್ನು ಆ ಬೆಂಚಿಗೆ ಕೂರಿಸಿದರು.

ಅಂದಿನ ವಿಷಯ ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯ. ನಮ್ಮ ಮಗಳು ಅದೇ ಶಾಲೆಯಲ್ಲಿದ್ದಳು. ಮಧ್ಯದಲ್ಲಿ ಹೋಗಬೇಕಾದೀತೆಂದು ಬೆಳಗ್ಗೆ ಒಂದು ಗುಟುಕು ನೀರೂ ಕುಡಿಯದೆ ಶಾಲೆಗೆ ಹೋಗುತ್ತಿದ್ದಳು. ಪರವಾಗಿ ಯಾರು ಎಂದಾಗ ಕಂಬದ ಹಿಂದೆ ನನ್ನ ಕೈ ಮೇಲೆದ್ದಿತು. ವಿರುದ್ಧವಾಗಿ ಯಾರು ಎಂದಾಗ ಬೆಂಚಿನವರೆಲ್ಲ ಕೈ ಎತ್ತಿದರು. ಅವರ ಜೊತೆ ನನ್ನ ಯಜಮಾನರೂ ಎತ್ತಿದರು! ಕಾರ್ಯದರ್ಶಿಗಳು ನನ್ನ ವಾರ್ಡಿನ ಮತವೆಂದು ಎಣಿಸಿದ್ದು ಅವರ ಕೈಯನ್ನು. ಒಂದೇ ಮತದಿಂದ ಶೌಚಾಲಯದ ಪ್ರಸ್ತಾವ ಬಿದ್ದುಹೋಯಿತು. ಆ ಕಾರ್ಯದರ್ಶಿಗಳು ನಿವೃತ್ತರಾಗಿ ಇಲ್ಲೇ ಕುಳಿತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ ಸರ್, ನಿಮ್ಮ ಮೇಲಿನ ಸಿಟ್ಟು ಆವತ್ತೇ ಇಳಿಯಿತು. ನನ್ನ ಸಿಟ್ಟೆಲ್ಲ ಮನೆಯವರ ಮೇಲಿತ್ತು.

"ಎಲ್ಲರೂ ಎತ್ತಿದ್ರು, ನಾನೂ ಎತ್ತಿದೆ ಕಣೇ," ಎಂದರು ಇವರು. ನಾನು ಮಾತು ಬಿಟ್ಟೆ. ಇದನ್ನೆಲ್ಲ ವೇದಿಕೆಯ ಮೇಲೆ ಹೇಳಬಾರದು, ಆದರೂ ಬಾಯಿಗೆ ಬಂದುಬಿಟ್ಟಿದೆ. ಅಷ್ಟು ನೊಂದಿದ್ದೆ. ತವರಿಗೆ ಹೋಗಿಬಿಡೋಣ ಎಂದು ಬಟ್ಟೆ ಕೂಡ ಮಡಚಿಟ್ಟಿದ್ದೆ. ಆಗ ಮಗಳು ಹೊಲಿಗೆ ಯಂತ್ರದ ಹತ್ತಿರ ಹೋಗಿ ತನ್ನ ಅಪ್ಪನನ್ನು ಕೇಳಿದಳು: "ಅಬ್ಬಾ, ಸಭೆ ಆಯ್ತಲ್ಲ, ನಾಳೆಯಿಂದ ನಾನು ನೀರು ಕುಡೀಬಹುದಾ?" ಯಂತ್ರ ನಿಂತಿತು.

ಮುಂದಿನ ಸಭೆಗೂ ಬಂದರು, ಅದೇ ಬೆಂಚು. ನಾನು ಕುರ್ಚಿಯನ್ನು ಕಂಬದ ಹಿಂದಿನಿಂದ ಎಳೆದು ನಡುವೆ ಹಾಕಿಕೊಂಡು, ಶೌಚಾಲಯದ ವಿಷಯ ಮತ್ತೆ ಎತ್ತಿದೆ. ಮತಕ್ಕೆ ಬಂತು. ಬೆಂಚಿನ ಕಡೆ ತಿರುಗಿದೆ. ನನ್ನ ಯಜಮಾನರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಅವುಗಳ ಮೇಲೆ ಗಟ್ಟಿಯಾಗಿ ಕುಳಿತಿದ್ದರು! ಪಕ್ಕದವರು ಮೊಣಕೈಯಿಂದ ತಿವಿದರೂ ಅಲ್ಲಾಡಲಿಲ್ಲ. ಕಾರ್ಯದರ್ಶಿಗಳಿಗೆ ನಮ್ಮ ವಾರ್ಡಿನ ಲೆಕ್ಕಕ್ಕೆ ಎಣಿಸಲು ಸಿಕ್ಕಿದ್ದು ನನ್ನ ಬುರ್ಖಾದ ಕಪ್ಪು ತೋಳಿನ ಕೈ ಒಂದೇ. ಶೌಚಾಲಯ ಬಂತು. ಬಟ್ಟೆಯನ್ನು ಮತ್ತೆ ಕಪಾಟಿಗೆ ಜೋಡಿಸಿದೆ.

ಆಮೇಲೆ ಮಸೀದಿಯ ಹಿರಿಯರೊಬ್ಬರು ಅಂಗಡಿಗೆ ಬಂದು, "ಹೆಂಗಸು ಸಭೇಲಿ ದನಿ ಎತ್ತೋದು ಸರೀನಾ?" ಎಂದು ಕೇಳಿದರಂತೆ. ಇವರು ಟೇಪು ಕೊರಳಿಗೆ ಹಾಕಿಕೊಂಡು, "ಮನೇಲಿ ಎತ್ತೋದಕ್ಕಿಂತ ಸಭೇಲಿ ಎತ್ತೋದೇ ನನಗೆ ಕ್ಷೇಮ ಸಾಹೇಬ್ರೇ" ಎಂದರಂತೆ. ಅದೇ ಹಿರಿಯರು ಬೀದಿದೀಪ ಕೆಟ್ಟಾಗ ನನ್ನನ್ನೇ ಹುಡುಕಿಕೊಂಡು ಬಂದರು. ದೀಪ ಹಾಕಿಸಿಕೊಟ್ಟೆ, ತಕರಾರು ಯಾಕೆ?

ಸಭಿಕರೇ, ಅಂದಿನಿಂದ ಇಂದಿನವರೆಗೆ ಈ ಮನುಷ್ಯ ಯಾವ ಸಭೆಯಲ್ಲೂ ಕೈ ಎತ್ತಿಲ್ಲ. ಚಪ್ಪಾಳೆಗೂ ಹೆದರುತ್ತಾರೆ. ಈಗಲೂ ಮೂರನೇ ಸಾಲಿನಲ್ಲಿ ಹಾಗೆಯೇ ಕುಳಿತಿದ್ದಾರೆ, ಬೇಕಾದರೆ ತಿರುಗಿ ನೋಡಿ. ಬೆಳಗಾದರೆ ವಾರ್ಡಿಗೆ ಓಡುವ ನನ್ನನ್ನು ನಿನ್ನೆ ಅವರು ಕೇಳಿದರು: "ಇನ್ಮೇಲಾದ್ರೂ ಬೆಳಗ್ಗೆ ಚಹಾ ಒಟ್ಟಿಗೆ ಕುಡೀಬಹುದಲ್ವಾ?" ನಾನು ಎದ್ದು ಬುರ್ಖಾ ಇಸ್ತ್ರಿ ಮಾಡತೊಡಗಿದೆ. ನಿಜ ಹೇಳಲು ಧೈರ್ಯವಾಗಲಿಲ್ಲ.

ಅಧ್ಯಕ್ಷರೇ, ಹೆಸರು ಕೇಳಿದ್ದಿರಿ. ಆ ಶಾಲೆ ಮುಗಿಸಿದ ಹುಡುಗಿಯರಿಗೆ ಊರಲ್ಲಿ ಕಾಲೇಜಿಲ್ಲ, ಮನೆಯಲ್ಲಿ ಕುಳಿತಿದ್ದಾರೆ. ಅವರನ್ನು ಬಿಟ್ಟು ನಾನು ಹೇಗೆ ಮನೆಯಲ್ಲಿ ಕೂರಲಿ? ಮೀಸಲಾತಿ ಹೋಗಿದೆ, ನಾನು ಹೋಗಿಲ್ಲ. ಮುಂದಿನ ಚುನಾವಣೆಗೂ ನಮ್ಮ ವಾರ್ಡಿನ ಅಭ್ಯರ್ಥಿ ನಾನೇ. ಪಕ್ಷ ಟಿಕೆಟ್ ಕೊಟ್ಟರೆ ಸಂತೋಷ, ಕೊಡದಿದ್ದರೆ ಪಕ್ಷೇತರಳಾಗಿ ನಿಲ್ಲುತ್ತೇನೆ. ನೀರು ಕುಡಿಯಿರಿ ಅಧ್ಯಕ್ಷರೇ, ಲೋಟ ಅಲ್ಲೇ ಇದೆ. ನೀವು ಕೊಟ್ಟ ಫಲಕವನ್ನು ಗೋಡೆಗೆ ಹಾಕಿಕೊಳ್ಳುತ್ತೇನೆ, ಬೀಳ್ಕೊಡುಗೆಯನ್ನು ಮಾತ್ರ ವಾಪಸು ತೆಗೆದುಕೊಳ್ಳಿ.

ಪರವಾಗಿರುವವರು ಕೈ ಎತ್ತಿ ನೋಡೋಣ. ನಮ್ಮ ಹಳೆಯ ಸೆಕ್ರೆಟರಿ ಸರ್, ದಯವಿಟ್ಟು ಎದ್ದು ಎಣಿಸಿ. ರೀ, ಮೂರನೇ ಸಾಲಿನವರೇ, ನಿಮಗೇ ಹೇಳುತ್ತಿರುವುದು. ಇವತ್ತು ನೀವೂ ಎತ್ತಬಹುದು. ಮನಸ್ಸಿಲ್ಲದಿದ್ದರೆ ಬೇಡ, ನಾನು ಮಾತು ಬಿಡುವುದಿಲ್ಲ. ಚಹಾ ಬೇಕಾದರೆ ಇನ್ನೂ ಬೇಗ ಏಳೋಣ.

ಅಯ್ಯೋ, ಒಂದೇ ಸಾಕು ರೀ! ಎರಡೂ ಎತ್ತಬೇಡಿ, ಒಬ್ಬರಿಗೆ ಒಂದೇ ಮತ.

ಕನ್ನಡಕ ಮಂಜಾಗಿದೆ, ಉಳಿದ ಕೈಗಳು ನನಗೆ ಸರಿಯಾಗಿ ಕಾಣುತ್ತಿಲ್ಲ. ಸೆಕ್ರೆಟರಿ ಸರ್ ಎಣಿಸುತ್ತಿದ್ದಾರೆ, ಎಣಿಸಲಿ. ಕರೆದವರಿಗೆ, ಕೂತು ಕೇಳಿದವರಿಗೆ, ಕೈ ಎತ್ತಿದವರಿಗೆ, ಎತ್ತದವರಿಗೂ ನನ್ನ ಧನ್ಯವಾದಗಳು. ನಾಳೆಯಿಂದ ನಿಮ್ಮ ನಿಮ್ಮ ಬಾಗಿಲಿಗೇ ಬರುತ್ತೇನೆ. ನಮಸ್ಕಾರ.