ವೃಂದಾ ಹಾಡದೆ ಬಿಟ್ಟ ಸಾ

ದೀಪ ಸಣ್ಣದು ಮಾಡ್ರಿ. ಸಾಲಿ ಕಲತವರು ನಗತೀರಿ, ನಗ್ರಿ. ನಾ ಸಾಲಿ ಕಟ್ಟಿ ಹತ್ತಿದವಲ್ಲ. ಆದ್ರ ರಾವೂರ ಖಣಿಯೊಳಗ ಎಂಟು ಆಳಿನ ಪರ್ಸಿಕಲ್ಲು ಒಬ್ಬನೇ ಎತ್ತಿದವ. ಚಿಂಚೋಳಿ ಅಡವ್ಯಾಗ ಚಿರತಿ ಎದುರು ಬಂದಾಗ 'ಬಾಜೂ ಸರಿ' ಅಂದವ. ಸರೀತು. ಅಂಥಾ ರೇವಣಪ್ಪ ಒಂದೇ ಒಂದು ಸಲ ಅಂಜ್ಯಾನ… ನಮ್ಮ ಬಾಜೂ ಮನಿ ಪವಮಾನನ ಪಡಸಾಲ್ಯಾಗ.

ಎರಡು ಸಾವಿರದ ನಾಕನೇ ಇಸವಿ. ವಾಡಿ ಸ್ಟೇಷನ್ನಿನ್ಯಾಗ ಗಾಡಿ ಇಳದು ರಾತ್ರಿ ನಡಕೋತ ಬರಾಕತ್ತಿದ್ದೆ. ಕರೆಂಟ ಹೋಗಿತ್ತು. ಓಣಿ ಬಾವಿ ಹತ್ರ ಬಂದೆ… ರಾಟಿ ಗಾಳಿಗೆ ಕಿರ್ರ… ಕಿರ್ರ… ಅನ್ನಾಕತ್ತಿತ್ತು. ಅದರ ನಡುವ ಇನ್ನೊಂದು ದನಿ. 'ಆ…' ಸಣ್ಣಕ ಸುರು ಆತು. ಉಬ್ಬಿತು. ನಡುಗಿತು. ಬತ್ತಿತು. ಮತ್ತ 'ಆ…'

ಹೆಣ್ಣಿನ ದನಿ. ಯಾರದಂತ ಗುರ್ತ ಹತ್ತಿತು. ಆಕಿ ಸತ್ತು ಎರಡು ತಿಂಗಳಾಗಿತ್ತು.

ತಡೀರಿ, ಹಿಂದಿಂದು ಹೇಳ್ತೀನಿ.

ಪವಮಾನ ಖಣಿ ಆಫೀಸಿನ್ಯಾಗ ಗುಮಾಸ್ತ, ಭಜನಿಗೆ ಪೇಟಿ ಬಾರಸಾಂವ. ಹೆಂಡ್ತಿ ವೃಂದಾ ಹಾಡಾಕಿ. ಆಕಿ ಗಂಟಲದಾಗ ಗಂಟು ಬಂತು. ದನಿ ಉಳಿಯಂಗಿಲ್ಲ ಅಂದ್ರು ಡಾಕ್ಟರು. ಪವಮಾನ ಹೈದರಾಬಾದಿಗೆ ಹೋಗಿ ಮಿಡಿ ಕೀಬೋರ್ಡ್ ತಂದ. ಪೇಟಿಗೆ ಇದ್ದಂಗ ಪಟ್ಟಿ ಇರ್ತಾವ ಅದಕ್ಕ, ಆದ್ರ ತನ್ನ ದನಿ ಅನ್ನೋದೇ ಇಲ್ಲ. ವೈರ್ ಹಚ್ಚಿ, ಕಂಪ್ಯೂಟರಿನ್ಯಾಗ ಯಾರ ದನಿ ತುಂಬ್ತೀರಿ ಅವರ ದನಿ. ಪಟ್ಟಿ ಒತ್ತಿದ ಬಟ್ಟು ಎತ್ತದೆ ಇನ್ನಷ್ಟು ಒತ್ತಿದ್ರ ದನಿ ಉಬ್ಬತದ, ನಡುಗತದ, ಥೇಟ್ ಗಂಟಲದಂಗ. ಅದಕ್ಕ ಆಫ್ಟರ್‌ಟಚ್ ಅಂತಾರ.

ವೃಂದಾ ಕುಂತು ಸಾದಿಂದ ನೀ ತನಕ ಒಂದೊಂದೇ ಸ್ವರ ಹಾಡಿ ತುಂಬಿಸಿದಳು. ಮ್ಯಾಲಿನ ಸಾ ಒಂದು ಉಳೀತು. ಕೆಮ್ಮು ಬಂತು. 'ನಾಳಿ ಹಾಡ್ತೀನಿ' ಅಂದಳು. ಆ ನಾಳಿ ಬರಲಿಲ್ಲ. ಆ ಒಂದು ಪಟ್ಟಿ ಮೂಕ ಉಳೀತು.

ಹತ್ತನೇ ದಿನ ಮಳಖೇಡದಾಗ ಕಾಗಿಣಾ ಹೊಳಿ ದಂಡಿಗೆ ಪಿಂಡ ಇಟ್ರು. ಕಾಗಿ ಮುಟ್ಟಿದ್ರ ಹೋದವರಿಗೆ ಸಮಾಧಾನ. ಮುಟ್ಟದಿದ್ರ ಏನೋ ಆಸಿ ಉಳದದ, ಅದನ್ನ ನಡಸ್ತೀವಿ ಅಂತ ಇದ್ದವರು ಮಾತು ಕೊಡಬೇಕು. ಕಾಗಿ ಬಂದು ಕುಂತ್ವು, ಮುಟ್ಟವಲ್ವು. 'ನಿನ್ನ ತುಳಸಿಗೆ ನಾ ನೀರು ಹಾಕ್ತೀನವ್ವಾ' ಅಂದರು ಅತ್ತಿ ಅನಸೂಯಾಬಾಯಿ. ಊಹುಂ. ಬಿಸಲು ಏರಿತು. ಆಗ ಪವಮಾನ ಕೈ ಮುಗದು, 'ವೃಂದಾ, ಆ ಸಾ ನಿನ್ನ ಕಡಿಂದ ಹಾಡಸ್ತೀನಿ' ಅಂದ.

ಟಪ್. ಕಾಗಿ ಮುಟ್ಟಿತು.

ಅವತ್ತಿನಿಂದ ಮೂಕ ಪಟ್ಟಿ ದನಿ ಮಾಡಾಕ ಹತ್ತಿತು. ಆದ್ರ ಒಂದೇ ನಮೂನಿ ಇಲ್ಲ. ಒಮ್ಮೆ ಬಟ್ಟು ತಾಕಿದ್ರ ಸಾಕು, ಉಬ್ಬಿ ಮನಿ ತುಂಬತದ. ಒಮ್ಮೆ ಉಗುರು ಬೆಳ್ಳಗಾಗೂ ತನಕ ಒತ್ತಿದ್ರೂ ಉಸುರಿಲ್ಲ.

'ನಮ್ಮ ಎಮ್ಮಿನೂ ಹಿಂಗೇ ನೋಡಪಾ' ಅಂದೆ. 'ಒಂದಿನ ಮುಟ್ಟಿದ್ರ ಹಾಲು, ಒಂದಿನ ಒದಿಕಿ.'

ನಗಲಿಲ್ಲ ಅಂವ. ಇಬ್ಬರೂ ಕೀಬೋರ್ಡ್ ಹೊತ್ತಕೊಂಡು ಶಹಾಬಾದಿಗೆ ಹೋದಿವಿ. ಅಲ್ಲಿ ಹಮೀದಾಬೇಗಂ, ಗಂಡನ ರೇಡಿಯೋ ರಿಪೇರಿ ದುಕಾನ ತಾನೇ ನಡಸಾಕಿ. ತಳ ಬಿಚ್ಚಿದಳು. ಪಟ್ಟಿಗಳ ಬುಡಕ ಲಾಡಿಯಂಥಾ ಉದ್ದ ರಬ್ಬರು. ಎಷ್ಟು ಒತ್ತಿದ್ರಿ ಅನ್ನೋದು ಅದಕ್ಕೇ ತಿಳೀತದ ಅಂತ.

'ಕಲ್ಲಿನ ಧೂಳ ಕುಂತಿರತದ ಭಾಯಿ' ಅಂದಳು. ಊದಿದಳು. ಒರಸಿದಳು. ಬೆಳಕಿಗೆ ಹಿಡದಳು… ಹೊರಳಿಸಿ ಮತ್ತೊಮ್ಮೆ ನೋಡಿದಳು.

'ಒತ್ತಿದ ಗುರ್ತ ಅದ.'

'ನಾನೇ ಒತ್ತೀನಿ' ಅಂದ ಪವಮಾನ.

'ನಿಮ್ಮದು ಮ್ಯಾಲಿಂದ ಇರಬೇಕಲ್ಲ. ಇದು ಕೆಳಗಿಂದ ಅದ.'

ತಳ ಮುಚ್ಚಿ ನಮ್ಮ ಕಡಿ ದಬ್ಬಿದಳು. 'ಯಾರ ಅದಾರೋ ನನಗ ಗೊತ್ತಿಲ್ಲ. ನೀವು ಬಟ್ಟು ಬಿಟ್ರ ಅವರೂ ಬಿಡ್ತಾರ. ಬಿಟ್ಟುಬಿಡ್ರಿ.'

ಬಿಡಲಿಲ್ಲ ಅಂವ.

ಈಗ ಆ ರಾತ್ರಿಗೆ ಬರ್ರಿ. ಅನಸೂಯಾಬಾಯಿ ಮಗಳ ಮನಿಗಂತ ಚಿತ್ತಾಪುರಕ್ಕ ಹೋಗಿದ್ರು. ಬಾವಿ ದಾಟಿ ಬಾಗಲಾ ದಬ್ಬಿದೆ. ಕತ್ತಲದಾಗ ಅಂವ ಕುಂತಿದ್ದ.

'ಪವಮಾನಾ…'

'ಶ್… ಕಾಕಾ.'

'ಕರೆಂಟ ಇಲ್ಲಲೇ.'

'ಗೊತ್ತದ.'

'ವೈರ್?'

'ಕಿತ್ತೀನಿ.'

ಆ…

'ಬಟ್ಟು ತಗಿ ಮಗನ.'

'ತಗದ್ರ ಕೆಮ್ಮತಾಳ.'

'ಎಷ್ಟೊತ್ತಾತು ಹಿಂಗ ಕುಂತು?'

'ನಿನ್ನಿ ಮುಂಜಾನಿಂದ.'

ಎಂಟು ಆಳಿನ ಕಲ್ಲು ಎತ್ತಿದ ಕೈ ಇದು. ಅವನ ಮುಂಗೈ ಹಿಡದು ಜಗ್ಗಿದೆ. ಬಟ್ಟು ಎದ್ದಿತು. ದನಿ ನಿಂತಿತು… ಆಮ್ಯಾಲೆ ಕೆಮ್ಮು. ಒಣ ಕೆಮ್ಮು, ಆ ಪಟ್ಟಿ ಬುಡಕಿಂದ. ಖುಹ್… ಖುಹ್… ನಡುವ ಉಸುರು ಸಿಗಲಾರದ ಸೀಟಿ. ಪವಮಾನ ಅಳಕೋತ ಬಟ್ಟು ಮತ್ತ ಇಟ್ಟ. ಕೆಮ್ಮು ನಿಂತಿತು. 'ನೋಡಿದ್ಯಾ?' ಅಂದ.

ನಾ ಓಡಿದೆ. ಹೌದು, ಓಡಿದೆ.

ಬೆಳಕು ಹರಿಯೂದ್ರಾಗ ದನಿ ಇರಲಿಲ್ಲ. ಹೋಗಿ ನೋಡಿದ್ರ ಅಂವ ಅಲ್ಲೇ ಕುಂತಿದ್ದ. ಬಟ್ಟು ಪಟ್ಟಿ ಮ್ಯಾಲೇ ಇತ್ತು. ಮೈ ತಣ್ಣಗಾಗಿತ್ತು.

ಅವನ ಹತ್ತನೇ ದಿನಾನೂ ಅದೇ ಕಾಗಿಣಾ ದಂಡಿ. ಕಾಗಿ ಬಂದ್ವು. ಮುಟ್ಟವಲ್ವು. ಅನಸೂಯಾಬಾಯಿ ಏನೇನು ಮಾತು ಕೊಟ್ಟರು, ಅಣ್ಣತಮ್ಮರು ಏನೇನು ಅಂದರು… ಮಧ್ಯಾಹ್ನ ಆತು. ಕಡೀಕ ಆ ತಾಯಿ ನನ್ನ ಮಾರಿ ನೋಡಿದರು.

'ರೇವಣಪ್ಪಾ, ನಿನಗೇನರ ಹೇಳಿದ್ನೇನೋ ನನ್ನ ಮಗ?'

ನನಗ ಗೊತ್ತಿತ್ತು. 'ಆ ಪಟ್ಟಿ ನಾ ಒತ್ತತೀನಿ' ಅಂದಿದ್ರ ಕಾಗಿ ಮುಟ್ಟತಿತ್ತು. ನೂರಕ್ಕ ನೂರು ಮುಟ್ಟತಿತ್ತು.

'ಏನಿಲ್ಲರಿ ಬಾಯಾರ' ಅಂದೆ.

ದರ್ಭಿ ಹುಲ್ಲಿನ ಕಾಗಿ ಮಾಡಿ ಪಿಂಡಕ್ಕ ಮುಟ್ಟಿಸಿ ಎಲ್ಲಾರೂ ಎದ್ದರು.

ಅನಸೂಯಾಬಾಯಿ ಮಗಳ ಮನಿಗೇ ಹೋಗಿಬಿಟ್ರು. ಹೋಗೂ ಮುಂದ ಆ ಕೀಬೋರ್ಡ್ ನನ್ನ ಕೈಯಾಗ ಇಟ್ಟರು. 'ಅವನ ಜೀವ ಇದ್ರಾಗ ಇತ್ತು, ನೀ ಇಟ್ಟಕೋ' ಅಂದರು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ನಮ್ಮ ಪಡಸಾಲಿ ಮೂಲ್ಯಾಗ ಅದ. ವೈರಿಲ್ಲ, ಕಂಪ್ಯೂಟರಿಲ್ಲ. ನಾ ಮುಟ್ಟಿಲ್ಲ, ಮನಿ ಮಂದಿಗೂ ಮುಟ್ಟಗೊಟ್ಟಿಲ್ಲ. ಖಣಿ ಧೂಳಂದ್ರ ನಿಮಗ ಗೊತ್ತೇ ಅದ, ಮುಂಜಾನಿ ಒರಸಿದ್ರ ಸಂಜೀಕ ಬೆಳ್ಳಗ. ಅಷ್ಟೂ ಪಟ್ಟಿ ಮ್ಯಾಲೆ ಬಟ್ಟು ದಪ್ಪ ಕುಂತದ.

ನನ್ನ ಬಾಕಿ ಮಾತು ಸುಳ್ಳನ್ರಿ, ಚಿರತಿದು ಬೇಕಾದ್ರ ಸುಳ್ಳನ್ರಿ. ಇದು ಖರೇ. ಮ್ಯಾಲಿನ ಸಾ ಪಟ್ಟಿ ಮ್ಯಾಲೆ, ಧೂಳಿನ್ಯಾಗ, ಎರಡು ಬಟ್ಟಿನ ಗುರ್ತ ಅದಾವ. ಒಂದು ದೊಡ್ಡದು. ಒಂದು ಸಣ್ಣದು.