ಅಳಿಯ ಆಡಿದ ಫೈನಲ್

ಕಾರ್ನ್‌ವಾಲ್‌ನ ಹಳ್ಳಿಯೊಂದರ ಅಂಚೆ ಕಚೇರಿಯಲ್ಲಿ ಲವ್‌ಡೇ ಪಾರ್ಸೆಲ್ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಊರ ಕ್ರಿಕೆಟ್ ತಂಡದ ಕ್ಯಾಪ್ಟನ್ ಟ್ರೆವರ್. ಅವನ ಮುಂದೆ, ಇಪ್ಪತ್ತು ವರ್ಷದಿಂದ ಆ ತಂಡದ ಬೌಲರ್ ಆಗಿದ್ದ ಡೆನ್ಜಿಲ್. ಹಳ್ಳಿ ತಂಡಗಳ ರಾಷ್ಟ್ರೀಯ ಕಪ್ಪಿನ ಫೈನಲ್ ಲಾರ್ಡ್ಸ್‌ನಲ್ಲಿ ಮುಗಿದು ಎರಡು ದಿನವಾಗಿತ್ತು.

“ಮುಖ ತಿರುಗಿಸ್ಬೇಡ ಕಣೋ. ಕಪ್ ಗೆದ್ವಲ್ಲ,” ಎಂದ ಟ್ರೆವರ್.

“ನೀವು ಗೆದ್ರಿ. ನಾನು ಕೂತು ಚಪ್ಪಾಳೆ ತಟ್ಟಿದೆ.”

“ನನ್ನಳಿಯ ಲಂಡನ್ನಲ್ಲೇ ಇರೋನು. ಅವನ್ನ ಆಡಿಸೋತನಕ ಮಗಳು ಬಿಡ್ಲಿಲ್ಲ, ಡೆನ್ಜಿಲ್.”

“ಅಲ್ಲೀತನಕ ಏಳು ಪಂದ್ಯಾನೂ ನಾನು ಆಡಿದೀನಿ. ನಿನ್ನಳಿಯ ಎಷ್ಟು ಓವರ್ ಹಾಕ್ದ?”

“ಎರಡು.”

“ನಮ್ಮಮ್ಮ ಎಂಬತ್ತೆಂಟರ ಮುದುಕಿ, ಆರು ಗಂಟೆ ಬಸ್ಸಲ್ಲಿ ಕೂತು ಬಂದಿದ್ಲು. ಆಟ ಮುಗಿಯೋವರೆಗೂ, ‘ನೀನು ಮೈದಾನಕ್ಕೆ ಯಾವಾಗ ಇಳೀತೀಯಪ್ಪ’ ಅಂತ ಕೇಳ್ತಾನೇ ಇದ್ಲು.”

ಟ್ರೆವರ್ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ.

“ಶನಿವಾರ ಪಕ್ಕದೂರಿನ ಮೇಲೆ ಮ್ಯಾಚಿದೆ. ಒಬ್ಬ ಕಮ್ಮಿ ಬೀಳ್ತಾನೆ.”

“ಯಾಕೆ, ಅಳಿಯ ಇಲ್ವಾ?”

“ಅವನು ಲಂಡನ್ನಲ್ಲೇ ಉಳ್ಕೊಂಡ.”

ಡೆನ್ಜಿಲ್ ಅಂಚೆಚೀಟಿಗಳನ್ನು ಜೇಬಿಗೆ ತುರುಕಿಕೊಂಡು ಬಾಗಿಲಿಗೆ ನಡೆದ. ಈಗ ಬೈಯುತ್ತಾನೆ ಎಂದುಕೊಂಡಳು ಲವ್‌ಡೇ.

“ಎಷ್ಟು ಗಂಟೆಗೆ?”

“ಒಂದಕ್ಕೆ.”

ಡೆನ್ಜಿಲ್ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ.