ಒಂದೂವರೆ ಗಂಟೆ

ಹಲೋ... ಯಾರು ಮಾತಾಡ್ತಿರೋದು? ... ಯಾರಾದ್ರೂ ಆಗಿರಿ, ಪ್ರೋಗ್ರಾಮ್ ಬರೆಯೋ ನನ್ನ ಮೈದುನನಿಗೆ ಫೋನ್ ಕೊಡಿ. ... ಮೀಟಿಂಗಲ್ಲಿದಾನಾ? ಎಬ್ಬಿಸ್ಕೊಂಡು ಬನ್ನಿ. ಬಸ್ ಡಿಪೋದಿಂದ ಅತ್ತಿಗೆ, ಡ್ರೈವರುಗಳಿಗೆ ಡ್ಯೂಟಿ ಹಾಕೋಳು ಅಂತ ಹೇಳಿ.

...

ಹಾಂ, ನಾನೇ. ತಿಂಡಿ ಆಯ್ತಾ ಅಂತ ಕೇಳಬೇಡ. ... ಅತ್ತಿಗೆ ಅತ್ತಿಗೆ ಅಂತ ಬೆಣ್ಣೆ ಹಚ್ಚಲೂಬೇಡ. ಹೋದ ಭಾನುವಾರ ನಮ್ಮ ಕಂಪ್ಯೂಟರಿಗೆ ಹೊಸ ಡೇಟಾಬೇಸ್ ಹಾಕಿ ಹೋದ್ಯಲ್ಲ, ಅದೇನು ಮಾಡಿದೆ ಗೊತ್ತಾ?

...

ಮಧ್ಯೆ ಬಾಯಿ ಹಾಕಬೇಡ. ಸೋಮವಾರದಿಂದ ಯಾವ ಡ್ರೈವರ್ ಒಟ್ಟು ಎಷ್ಟು ಗಂಟೆ ಓಡಿಸಿದಾನೆ ಅಂತ ಸ್ಕ್ರೀನ್ ಮೇಲೆ ಬರುತ್ತೆ, ಅಲ್ವಾ? ಕಡಿಮೆ ಓಡಿಸಿದೋನಿಗೆ ಮುಂದಿನ ಟ್ರಿಪ್, ಅಲ್ವಾ? ನಾಲ್ಕು ದಿನ ಜ್ವರ ಬಂದು ಮಲಗಿದ್ದೆ, ಬೇರೆಯವರು ಸ್ಕ್ರೀನ್ ನೋಡ್ಕೊಂಡು ಡ್ಯೂಟಿ ಹಾಕಿದ್ರು. ಇವತ್ತು ಶುಕ್ರವಾರ ಬಂದು ನೋಡ್ತೀನಿ, ಗುಂಡಣ್ಣಂದು ಇಪ್ಪತ್ತೆರಡು ಗಂಟೆ. ಪಾಪ, ದಣಿದಿದಾನೆ ಅಂತ ರಜಾ ಕೊಟ್ಟು ಮನೆಗೆ ಕಳಿಸಿದೆ. ಇನ್ನೊಬ್ಬ ಡ್ರೈವರ್ ಮೌನಿದು ಒಂದೂವರೆ. ನಾಲ್ಕು ದಿನಕ್ಕೆ ಒಂದೂವರೆ ಗಂಟೆ ಕಣೋ!

...

ನಾನೂ ನಂಬಿದೆ! ನಿನ್ನ ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ನೀನೇ ತಾನೇ ಎದೆ ತಟ್ಕೊಂಡು ಹೇಳಿದ್ದು? ಈಗ ನೋಡಿದ್ರೆ ಗೇಟಿನ ಕಾವಲುಗಾರ ಹೇಳ್ತಾನೆ, ಮೌನಿ ಈ ವಾರ ಬಸ್ಸಿನಿಂದ ಇಳಿದಿದ್ದೇ ಕಾಣೆ ಅಂತ. ಬೆಳಗಾಗೋಕೆ ಮುಂಚೆ ಹೋದ್ರೆ ಕತ್ತಲಾದ ಮೇಲೇ ಬರ್ತಿದ್ನಂತೆ.

...

ಏನು? ಡೇಟಾಬೇಸಲ್ಲಿ ಸರಿಯಾಗೇ ಇರಬೇಕಾ? ಹಾಗಾದ್ರೆ ನನ್ನ ಕಣ್ಣು ಸರಿ ಇಲ್ವಾ? ... ನಿಧಾನಕ್ಕೆ ಹೇಳು. ಹಳೇದ್ರಲ್ಲಿ ಬರೀ ನಿಮಿಷದ ಸಂಖ್ಯೆ ಇತ್ತು. ಹಾಂ. ಹೊಸದ್ರಲ್ಲಿ ಅವಧಿ ಇಡೋಕೇ ಅಂತ ಬೇರೆ ಥರದ ಖಾನೆ ಇದೆ, ಎಲ್ಲಾ ಡೇಟಾಬೇಸಲ್ಲೂ ಅದು ಇರಲ್ಲ. ಹಾಂ, ಆಮೇಲೆ? ... ನಿನ್ನ ಕೋಡು ಅದನ್ನ ಗಡಿಯಾರದ ಟೈಮು ಅಂತ ಓದ್ಕೊಂಡಿದೆಯಾ? ... ಇಪ್ಪತ್ನಾಲ್ಕು ದಾಟಿದ್ರೆ ಮತ್ತೆ ಸೊನ್ನೆಯಿಂದಾನಾ? ಅಯ್ಯೋ, ನಿನ್ನ ತಲೆ ಕಾಯ! ಮನುಷ್ಯ ದುಡಿದಿದ್ದು ಗಡಿಯಾರವೇನೋ, ದಿನಾ ಮೊದಲಿಂದ ಶುರು ಮಾಡೋಕೆ?

...

ಟೆಸ್ಟ್ ಮಾಡಿದ್ಯಾ? ಹೆಂಗೆ ಮಾಡಿದೆ ಹೇಳು. ... ಒಂದು ದಿನದ್ದು ಹಾಕಿ ನೋಡಿದ್ಯಾ? ಒಂದು ದಿನದಲ್ಲಿ ಇಪ್ಪತ್ನಾಲ್ಕು ಗಂಟೆ ಯಾರು ದಾಟ್ತಾರಪ್ಪಾ, ದೊಡ್ಡ ಮನುಷ್ಯ?

...

ಸಾರಿ ಇಟ್ಕೋ ನೀನೇ. ಮೌನಿ ಬೆಳಿಗ್ಗೆ ಆರಕ್ಕೆ ನನ್ನ ಕಿಟಕಿ ಹತ್ರ ಬಂದ. "ಅಕ್ಕಾ, ಕಣ್ಣು ಎಳೀತಿದೆ, ಇವತ್ತೊಂದು ದಿನ ಬಿಡಿ" ಅಂದ. ವರ್ಷಕ್ಕೆ ನಾಲ್ಕು ಮಾತಾಡೋನು, ಅದಕ್ಕೇ ಅವನಿಗೆ ಆ ಹೆಸರು. ನಾನೇನು ಮಾಡಿದೆ? ಸ್ಕ್ರೀನ್ ಅವನ ಕಡೆ ತಿರುಗಿಸಿ, ಒಂದೂವರೆ ಗಂಟೆಗೇ ಸುಸ್ತಾದ ರಾಜಕುಮಾರನ್ನ ನೋಡ್ರೋ ಅಂತ ಹತ್ತು ಜನರ ಮುಂದೆ ನಕ್ಕೆ. ತಲೆ ತಗ್ಗಿಸ್ಕೊಂಡು ಕೀ ತಗೊಂಡು ಹೋದ. ಈಗ ನಲವತ್ತು ಜನರನ್ನ ಕೂರಿಸ್ಕೊಂಡು ರೋಡಲ್ಲಿದಾನೆ. ಕಂಡಕ್ಟರ್ ಫೋನು ಸಿಗ್ತಿಲ್ಲ, ಎಂಟು ಸಲ ಮಾಡಿದೆ.

...

ಅಳ್ತಿಲ್ಲ ಕಣೋ, ಲೆಕ್ಕ ಹಾಕ್ತಿದೀನಿ.

...

ಹಾಗಾದ್ರೆ ಇಪ್ಪತ್ನಾಲ್ಕು ಸೇರಿಸ್ಬೇಕು. ಇಪ್ಪತ್ತೈದೂವರೆ, ಅಲ್ವಾ? ... ಅಂದಾಜು ಬೇಡ ನಂಗೆ. ಡೇಟಾಬೇಸನ್ನೇ ತೆಗೆದು ನೋಡು, ನಿಂತಿರ್ತೀನಿ.

...

ಎಷ್ಟು? ... ಇನ್ನೊಂದ್ಸಲ ಹೇಳು. ... ನಲವತ್ತೊಂಬತ್ತೂವರೆ? ಎರಡು ಸಲ ಸುತ್ತಿ ಬಂದಿದೆಯಾ? ... ದೇವರೇ. ಅಂದ್ರೆ ಹೆಚ್ಚು ದುಡಿದಷ್ಟೂ ಸೋಮಾರಿ ಥರ ಕಂಡ, ಸೋಮಾರಿ ಅಂತ ಇನ್ನೂ ದುಡಿಸಿದ್ವಿ.

...

ಇರು, ಟೇಬಲ್ ಫೋನ್ ಹೊಡ್ಕೊಳ್ತಿದೆ. ಕಟ್ ಮಾಡಬೇಡ, ನೀನೂ ಕೇಳಿಸ್ಕೋ.

...

ಹಲೋ, ಡಿಪೋ! ... ಕಂಡಕ್ಟರಾ? ಎಲ್ಲಿ ಹಾಳಾಗಿ ಹೋಗಿದ್ರಿ? ... ನಿಲ್ಲಿಸಿದಾನಾ? ಅವನಾಗೇ? ಪೆಟ್ರೋಲ್ ಬಂಕ್ ಪಕ್ಕ... ಯಾರಿಗೂ ಏನೂ ಆಗಿಲ್ಲ ತಾನೇ? ... ಉಸ್ಸಪ್ಪಾ. ... ಪ್ಯಾಸೆಂಜರು ಬೈದ್ರೆ ಬೈಕೊಳ್ಳಲಿ ಬಿಡ್ರೀ! ಗುಂಡಣ್ಣನ್ನ ಮನೆಯಿಂದ ಎಬ್ಬಿಸಿ ಕಳಿಸ್ತೀನಿ. ಅವನು ಬರೋವರೆಗೂ ಕೀ ನಿಮ್ಮ ಜೇಬಲ್ಲೇ ಇರಲಿ.

...

ಏನಂತಿದಾನೆ? ಜೋರಾಗಿ ಹೇಳಿ, ಲಾರಿ ಸದ್ದು. ... ಒಂದೂವರೆ ಗಂಟೆ ಓಡಿಸಿದ್ದಕ್ಕೇ ಹಿಂಗಾಗ್ತಿದೆ, ಏನೋ ದೊಡ್ಡ ಕಾಯಿಲೆ ಬಂದಿರಬೇಕು, ಯಾವ ಡಾಕ್ಟರ ಹತ್ರ ಹೋಗ್ಲಿ ಅಂತ ಅಕ್ಕನ್ನ ಕೇಳಿ ಅಂತಿದಾನಾ?

...

ಅವನ ಕೈಗೇ ಕೊಡಿ ಫೋನು. ... ಮೌನೀ? ಕಾಯಿಲೆ ಏನೂ ಇಲ್ಲ ಕಣಪ್ಪ ನಿಂಗೆ. ನಲವತ್ತೊಂಬತ್ತೂವರೆ ಗಂಟೆ ಓಡಿಸಿದೀಯ ನೀನು... ಇಲ್ಲ, ಸ್ಕ್ರೀನ್ ಹೇಳಿದ್ದು ಸುಳ್ಳು, ನೀನು ಹೇಳಿದ್ದೇ ನಿಜ. ನಾನು ನಿನ್ನ ಮುಖ ಒಂದ್ಸಲ ನೋಡಿದ್ರೆ ಸಾಕಿತ್ತು... ಹಲೋ? ಮೌನೀ? ಕೇಳಿಸ್ತಾ? ... ಏನು ಕಂಡಕ್ಟರೇ? ಫೋನ್ ಹಿಡ್ಕೊಂಡೇ ನಿದ್ದೆ ಹೋದ್ನಾ? ... ಎಬ್ಬಿಸಬೇಡಿ.